ಕಡಲ ತಳದ ಚಮಕಿ ಅಂಗಿ

ಸವಣೂರು
೧೨ ಜೂನ್ ೨೦೨೪

ಕೂಡಿದ ಮಹಾಸಭೆಗೆ ಶರಣು! ಚಾಪೆ ಹಾಸಿ ಮುಂದೆ ಕುಳಿತ ಹಿರಿಯರೇ, ಹಗ್ಗದಾಚೆ ಕುಳಿತ ತಾಯಂದಿರೇ, ಗೋಡೆ ಹತ್ತಿ ಪುಕ್ಕಟೆ ನೋಡುವ ಪುಂಡರೇ, ಸದ್ದು ಬೇಡ! ಪೇಟಿ ಶ್ರುತಿ ಹಿಡಿದಿದೆ, ಪರದೆಯ ಹಗ್ಗ ನನ್ನ ಕೈಯಲ್ಲಿದೆ. ಇಗೋ, ಎಳೆದೆ!

ನಗಬೇಡ ಗುಲ್ನಾರ. ನನ್ನ ಕಾಗದ ಬಂದರೆ ಕಾರವಾರದ ನಿನ್ನ ಹಾಸ್ಟೆಲಿನ ಹುಡುಗಿಯರೆಲ್ಲ ಮಂಚದ ಮೇಲೆ ಗುಂಪಾಗಿ ಕುಳಿತು ನಿನ್ನಿಂದ ಓದಿಸಿಕೊಳ್ಳುತ್ತಾರೆಂದು ನೀನೇ ನಿಮ್ಮವ್ವನಿಗೆ ಹೇಳಿದ್ದೆ. ಸಭೆ ಇದೆ ಎಂದ ಮೇಲೆ ನಾನು ಸಣ್ಣ ದನಿಯಲ್ಲಿ ಹೇಗೆ ಬರೆಯಲಿ? ಜನವರಿಯಲ್ಲಿ ನಿಮ್ಮವ್ವ ಹೋದ ಮೇಲೆ ಇದೇ ಮೊದಲ ಕಾಗದ. ಈ ಮನೆಯಲ್ಲಿ ಫೋನು ಅವಳದು, ಕಾಗದ ನನ್ನದು. ಈಗ ಫೋನೂ ನನ್ನ ಪಾಲಿಗೆ ಬಂದಿದೆ, ಆದರೆ ಅದನ್ನು ಕಿವಿಗಿಟ್ಟರೆ ನನ್ನ ಬಾಯಿ ಕಟ್ಟುತ್ತದೆ. ಮೊನ್ನೆ ನೀನೇ ಕಂಡೆಯಲ್ಲ. "ಅಪ್ಪ, ಕಡಲ ತಳದಾಗ ಒಂದು ಹೊಸಾ ಹುಳ ಸಿಕ್ಕೈತಿ, ಅವ್ವನ ಹೆಸರು ಇಡಾಕತ್ತೇನಿ" ಎಂದೆ. ನಾನು "ಹೌದೇನು" ಎಂದೆ. ಆಮೇಲೆ ನೀನೂ ಸುಮ್ಮನೆ, ನಾನೂ ಸುಮ್ಮನೆ, ನಡುವೆ ನಿನ್ನ ಕಡಲಿನ ಸಪ್ಪಳ.

ಈಗ ಕಾಗದದಲ್ಲಿ ಕೇಳುತ್ತೇನೆ. ಹುಳವೇ? ಗುಲ್ನಾರ, ಹುಳವೇ? ಅಷ್ಟು ದೊಡ್ಡ ಸಮುದ್ರದಲ್ಲಿ ನಿನಗೆ ಒಂದು ಬಣ್ಣದ ಮೀನು ಸಿಗಲಿಲ್ಲವೇ? ಒಂದು ಮುತ್ತಿನ ಚಿಪ್ಪು? ನಾಲ್ಕು ತಾಲೂಕಿನ ನಾಟಕದ ರಾಜ, ರಾಣಿ, ರಾಕ್ಷಸರಿಗೆಲ್ಲ ಚಮಕಿ ಅಂಗಿ ಹೊಲಿದುಕೊಟ್ಟ ದಾವಲಬಿಯ ಹೆಸರು ಕೆಸರಿನ ಹುಳಕ್ಕೆ! ಎಲೆ ಮಾರುವ ನಾಗವ್ವನ ಮುಂದೆ ಬಾಯಿ ಬಿಟ್ಟು ಕೆಟ್ಟೆ. "ಅಯ್ಯ ನಿನ್ನ, ಇದ್ದಾಗ ಒಂದು ಸೀರಿ ತರಲಿಲ್ಲ, ಹ್ವಾದ ಮ್ಯಾಲ ಹುಳಾ ಮಾಡಾಕತ್ತೀಯೇನೋ?" ಎಂದು ಬಜಾರದಲ್ಲೇ ಕೇಳಿದಳು.

ನನ್ನ ಮಾನ ಕಾಪಾಡಿದವರು ಇಂದಿರಾಬಾಯಿ ಟೀಚರು. ರಾಣಿ ಪಾತ್ರಕ್ಕೆಂದು ತಮ್ಮ ಹಳೆಯ ರೇಷ್ಮೆ ಸೀರೆಗಳನ್ನು ನಿಮ್ಮವ್ವನಿಗೆ ಕೊಡುತ್ತಿದ್ದರಲ್ಲ, ಅವರೇ. "ಮುನಾಫಣ್ಣ, ಹುಳ ಅಂದ್ರ ಹಗುರ ತಿಳೀಬ್ಯಾಡ್ರಿ. ನಿಮ್ಮ ರಾಣಿ ಉಟ್ಟಿದ್ದೂ ಹುಳದ್ದ ದುಡಿಮಿ" ಎಂದರು. ಆಮೇಲೆ ಕನ್ನಡಕ ಏರಿಸಿ, ನನ್ನ ಫೋನಿನಲ್ಲಿ ನೀವು ಬಳಸುವ ಆ ಜಾಲತಾಣ ತೆರೆದರು. ಕಡಲ ತಳದಲ್ಲಿ ಬದುಕುವ ಜೀವಿಗಳದೆಲ್ಲ ಅಲ್ಲಿ ಒಂದೊಂದು ಪುಟವಂತೆ. ಯಾರು ಹೆಸರಿಟ್ಟರು, ಯಾವ ವರ್ಷ, ಯಾವ ಕಡಲು, ಎಷ್ಟು ಆಳ. ನಿಮ್ಮವ್ವನ ಹೆಸರನ್ನು ಮೊದಲು ಕನ್ನಡದಲ್ಲಿ ಹೊಡೆದೆ. ಏನೂ ಬರಲಿಲ್ಲ. ಇಂದಿರಾಬಾಯಿ ಇಂಗ್ಲಿಷಿನಲ್ಲಿ ಹೊಡೆದರು. ಆಗಲೂ ಇಲ್ಲ. ಹಾನಗಲ್ಲ ಎಂದು ಹೊಡೆದೆ, ಶಿಗ್ಗಾಂವಿ, ಹಿರೇಕೆರೂರು ಎಂದೂ ಹೊಡೆದೆ. ನಮ್ಮ ಸೀಮೆಗೆ ಕಡಲ ತಳದಲ್ಲಿ ಒಬ್ಬ ಬೀಗನೂ ಇಲ್ಲ.

ಆ ಹುಳದ ಮಾರಿ ಹೇಗಿದೆ, ಬರೆ.

ನಿನ್ನ ಅಪ್ಪ,
ಮುನಾಫ


ಕಾರವಾರ
೨೪ ಜೂನ್ ೨೦೨೪

ಅಪ್ಪ,

ಕಾಗದ ಓದಿಯಾಯಿತು. ಸಭೆಯೂ ಕೂಡಿತ್ತು. ನಾಗವ್ವನ ಮಾತಿಗೆ ಎಲ್ಲಕ್ಕಿಂತ ಜೋರು ಚಪ್ಪಾಳೆ ಬಿತ್ತು.

ಹುಳಕ್ಕೆ ಮಾರಿ ಅಂತ ಹೇಳುವಂಥದ್ದು ಇಲ್ಲ. ಐದು ಕೊಂಬಿನಂಥ ಮೀಸೆ, ಕತ್ತಿನ ಹತ್ತಿರ ಸ್ಪ್ರಿಂಗಿನಂತೆ ಸುತ್ತಿದ ಕಿವಿರು. ಹಡಗಿನಿಂದ ಕಬ್ಬಿಣದ ಬಾಯಿಯೊಂದನ್ನು ಇಳಿಬಿಡುತ್ತೇವೆ. ಅದು ಕಡಲ ತಳವನ್ನು ಕಚ್ಚಿ ಒಂದು ಬುಟ್ಟಿ ಕೆಸರು ತರುತ್ತದೆ. ಆ ಕೆಸರನ್ನು ಜರಡಿಯಲ್ಲಿ ತೊಳೆದಾಗ ಉಳಿದದ್ದನ್ನು ನಾನು ಸೂಕ್ಷ್ಮದರ್ಶಕದ ಕೆಳಗೆ ಹರಡಿಕೊಂಡು ಕೂರುತ್ತೇನೆ. ನನ್ನ ಕೆಲಸ ಇಷ್ಟೇ.

ಆದರೆ ಇದರ ಮನೆಯನ್ನು ನೀವು ನೋಡಬೇಕು. ಇದು ತನ್ನ ಮೈಸುತ್ತ ಒಂದು ಕೊಳವೆ ಕಟ್ಟಿಕೊಳ್ಳುತ್ತದೆ, ಒಳಗೆ ರೇಷ್ಮೆಯಂಥ ಅಸ್ತರಿ. ಹೊರಗೆ ಚಿಪ್ಪಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಅಂಟಿಸುತ್ತದೆ. ಸಿಕ್ಕಿದ್ದನ್ನೆಲ್ಲ ಅಂಟಿಸುವುದಿಲ್ಲ. ಒಂದು ಚೂರನ್ನು ಹಿಡಿದು, ತಿರುಗಿಸಿ, ಒಗೆದು, ಇನ್ನೊಂದನ್ನು ಹಿಡಿಯುತ್ತದೆ. ಗಾಜಿನ ತೊಟ್ಟಿಯಲ್ಲಿ ಇದು ಹೀಗೆ ಮಾಡುವುದನ್ನು ನೋಡುತ್ತ ಕುಳಿತಿದ್ದೆ. ಅವ್ವ ಚಮಕಿಯ ತಟ್ಟೆ ಮುಂದಿಟ್ಟುಕೊಂಡು ಕೂತಂತೆಯೇ ಇತ್ತು. ಅದಕ್ಕೇ ಈ ಹೆಸರು.

ಜಾಲತಾಣದಲ್ಲಿ ಈಗ ಹುಡುಕಬೇಡಿ. ಹೆಸರು ಅಲ್ಲಿಗೆ ಬರುವುದು ಎಲ್ಲ ಮುಗಿದ ಮೇಲೆ.

ಊಟ ಸರಿ ಮಾಡಿರಿ.

ಗುಲ್ನಾರ


ಸವಣೂರು
೮ ಜುಲೈ ೨೦೨೪

ಕೇಳಿರೈ, ಕೇಳಿರಿ! ಕಾರವಾರದ ಕಡಲ ತೀರದಲ್ಲಿ ಮಂಚವೇರಿ ಕುಳಿತ ಕನ್ಯಾಮಣಿಗಳೇ! ನಾಲ್ಕು ತಾಲೂಕಿನ ದಿಗ್ವಿಜಯ ಮುಗಿಸಿ ಮುನಾಫನು ಮರಳಿದ್ದಾನೆ!

ಚಮಕಿ ಅಂಗಿ ತೊಡುವ ಹುಳ ಎಂದು ಮೊದಲೇ ಹೇಳಬಾರದಿತ್ತೇ? ನಿನ್ನ ಕಾಗದ ಓದಿ ಎದ್ದವನು ಕೂರಲಿಲ್ಲ. ಹಿರೇಕೆರೂರಿನಲ್ಲಿ ಒಂದು ನಾಟಕವಿತ್ತು, ಪ್ರಚಾರ ಎಂದಿನಂತೆ ನನ್ನದೇ. ನಾಸೀರನ ರಿಕ್ಷಾದ ತಲೆಯ ಮೇಲೆ ಎರಡು ಕಹಳೆ ಸ್ಪೀಕರು, ಒಳಗೆ ನಾನು. ನಾಟಕದ ಹೆಸರು ಹೇಳಿ ಮುಗಿಸಿದ ಮೇಲೆ ಬಾಯಿ ತಾನಾಗಿ ಮುಂದೆ ಹೋಯಿತು. "ಕೇಳ್ರಿ ಮಹಾಜನರ! ನಿಮಗೆಲ್ಲಾ ಚಮಕಿ ಅಂಗಿ ಹೊಲದು ಕೊಟ್ಟ ಸವಣೂರ ದಾವಲಬಿ ಹೆಸರು ಇವತ್ತ ಸಮುದ್ರದ ತಳದಾಗ ಬರದೈತಿ! ಜಗತ್ತಿನ ಯಾವ ಮೂಲಿಯಾಗ ಹೋದ್ರೂ ಆ ಜೀವಿಗೆ ದಾವಲಬಿ ಅಂತನ ಅನ್ನಬೇಕು!"

ಗುಲ್ನಾರ, ಜನ ಹೇಗೆ ಬಂದರು ಗೊತ್ತೇ! ಶಿಗ್ಗಾಂವಿಯಲ್ಲಿ ಒಬ್ಬಾಕೆ ಕಂಕುಳಲ್ಲಿ ಮೊಮ್ಮಗುವನ್ನು ಹಿಡಿದು ಓಡಿ ಬಂದಳು. "ನನ್ನ ಮದವಿ ಜಂಪರ ಹೊಲದಾಕಿ ಅಕಿನರಿ, ಇನ್ನೂ ಟ್ರಂಕಿನ್ಯಾಗ ಐತಿ" ಎಂದಳು. ಹಾನಗಲ್ಲಿನಲ್ಲಿ ಹಿಂದೆ ಹೆಣ್ಣು ಪಾತ್ರ ಮಾಡುತ್ತಿದ್ದ ಮುಸ್ತಾಕ ಕೋಲೂರಿಕೊಂಡು ಬಂದು ರಿಕ್ಷಾದ ಚಕ್ರದ ಹತ್ತಿರ ನಿಂತು ಅತ್ತ. ದುಂಡಸಿಯವರು ನಮ್ಮನ್ನು ಬಿಡಲೇ ಇಲ್ಲ, ಚಹ ಕುಡಿಸಿ, ಇನ್ನೊಮ್ಮೆ ಹೇಳು ಎಂದರು. ಇನ್ನೊಮ್ಮೆ ಹೇಳಿದೆ. ನಾಗವ್ವನೂ ಈಗ "ನಮ್ಮ ದಾವಲಬಿ ಹುಳ" ಎನ್ನುತ್ತಾಳೆ, ತಾನೇ ಸಾಕಿದವಳಂತೆ.

ದಿನಾ ಮುಂಜಾನೆ ಚಹದ ಜೊತೆ ನಿಮ್ಮ ಜಾಲತಾಣ ತೆರೆದು ಹುಡುಕುತ್ತೇನೆ. ಇನ್ನೂ ಬಂದಿಲ್ಲ. ಅಲ್ಲಿನ ಗುಮಾಸ್ತರಿಗೆ ಸ್ವಲ್ಪ ಜೋರು ಮಾಡು.

ನಿನ್ನ ಅಪ್ಪ,
ದಿಗ್ವಿಜಯಿ ಮುನಾಫ


ಕಾರವಾರ
೧೬ ಜುಲೈ ೨೦೨೪

ಅಪ್ಪ,

ನಿಲ್ಲಿಸಿರಿ. ಇದನ್ನು ನಾನು ಸಭೆಗೆ ಓದಲಿಲ್ಲ.

ಹೆಸರು ಇನ್ನೂ ಆಗಿಲ್ಲ. ನಾನು ಬರೆದದ್ದನ್ನು ತಿಳಿದವರು ಓದಬೇಕು, ಒಪ್ಪಬೇಕು, ಪತ್ರಿಕೆಯಲ್ಲಿ ಅಚ್ಚಾಗಬೇಕು. ಅಚ್ಚಾದ ದಿನ ಅದು ಹೆಸರು. ಅದಕ್ಕೂ ಮೊದಲು ಯಾರಾದರೂ ಈ ಹುಳಕ್ಕೆ ಹೆಸರಿಟ್ಟದ್ದು ಕಂಡುಬಂದರೆ ಆ ಹಳೆಯ ಹೆಸರೇ ನಿಲ್ಲುತ್ತದೆ, ನಮ್ಮದು ಬೀಳುತ್ತದೆ. ನಿಯಮವೇ ಹಾಗೆ. ನೀವು ರಿಕ್ಷಾದಲ್ಲಿ ಕೂಗಿದ್ದಕ್ಕೆ ಅಲ್ಲಿ ಲೆಕ್ಕವಿಲ್ಲ.

ಒಂದು ವೇಳೆ ಬಿದ್ದರೆ ಆ ಶಿಗ್ಗಾಂವಿಯ ಹೆಂಗಸಿಗೆ ಏನು ಹೇಳುತ್ತೀರಿ? ಮುಸ್ತಾಕ ಕಾಕಾನಿಗೆ? ಅವ್ವ ಬಾಯಿ ತೆರೆದು ತನ್ನ ಬಗ್ಗೆ ಒಂದು ಮಾತು ಆಡಿದವಳಲ್ಲ. ಅವಳನ್ನು ಪ್ರಚಾರ ಮಾಡಬೇಡಿರಿ.

ಗುಲ್ನಾರ


ಸವಣೂರು
೨೯ ಜುಲೈ ೨೦೨೪

ಸಭಿಕರೇ, ಇವತ್ತು ಸಭೆ ಚಿಕ್ಕದೆಂದು ಬಲ್ಲೆ. ಒಬ್ಬಳೇ ಕುಳಿತಿದ್ದೀಯ. ಆದರೂ ಪರದೆ ಏಳಲೇಬೇಕು.

ಗುಲ್ನಾರ, ನೀನು ಹುಟ್ಟಿದ ಮನೆಯ ರೀತಿ ಮರೆತೆಯಾ? ನಮ್ಮಲ್ಲಿ ಮೊದಲು ರಿಕ್ಷಾ ಊರು ಸುತ್ತುತ್ತದೆ. ಆಮೇಲೆ ತಾಲೀಮು. ಎಷ್ಟೋ ಸಲ ಪ್ರಚಾರ ಮುಗಿಸಿ ಬಂದು, ನಾಯಕಿ ಯಾರು ಎಂದು ಹುಡುಕಿದ್ದೇವೆ. ಊರಿಗೆ ಕೂಗಿ ಹೇಳಿದ ಮೇಲೆ ನಾಟಕ ಆಗಲೇಬೇಕು, ಅದೇ ನಮಗೆ ಹಿಡಿದ ಲಗಾಮು. ನಿಮ್ಮಲ್ಲಿ ಇದು ತಲೆಕೆಳಗು ಎಂದು ನನಗೆ ಹೇಗೆ ಗೊತ್ತಾಗಬೇಕು? ನಾಲ್ಕು ತಾಲೂಕಿಗೆ ಕೇಳಿಸಿದ್ದು ಹೆಸರಲ್ಲ, ಯಾರೂ ಓದದ ಪತ್ರಿಕೆಯಲ್ಲಿ ಅಚ್ಚಾದದ್ದು ಹೆಸರು! ಇಂದಿರಾಬಾಯಿ ನಿಮ್ಮ ಪಕ್ಷ. "ಮುನಾಫಣ್ಣ, ಕೂಗಿದ್ದು ಗಾಳ್ಯಾಗ ಹೋಗ್ತದರಿ, ಅಚ್ಚಾಗಿದ್ದಕ್ಕ ಹಿಡಕೊಳ್ಳಿಕ್ಕೆ ಜಾಗಾ ಇರ್ತದ" ಎಂದರು. ಟೀಚರುಗಳ ಜೊತೆ ಯಾರು ವಾದಿಸುತ್ತಾರೆ?

ಕೂಗುವುದನ್ನು ನಿಲ್ಲಿಸಿದ್ದೇನೆ. ಹುಡುಕುವುದನ್ನು ನಿಲ್ಲಿಸಲಾರೆ. ನಿಮ್ಮವ್ವ ಇದ್ದಾಗ ಮುಂಜಾನೆಯ ಚಹಕ್ಕೆ ಎದುರಿಗೆ ಒಬ್ಬಳು ಇರುತ್ತಿದ್ದಳು, ಈಗ ಈ ಜಾಲತಾಣ ಇದೆ. ಹೆಸರು ಸಿಗದಿದ್ದಾಗ ಚಿತ್ರಗಳನ್ನು ಸರಿಸುತ್ತ ಹೋಗುತ್ತೇನೆ. ಇಂಗ್ಲಿಷು ಬಾರದಿದ್ದರೇನು, ವೇಷ ನೋಡಲು ಬರುತ್ತದಲ್ಲ. ಎಂಥ ಕಂಪನಿ ಅದು! ಹತ್ತು ಕೈಯ ನಕ್ಷತ್ರ, ಅದು ಖಳನಾಯಕ. ಮೈಯೆಲ್ಲ ಮುಳ್ಳಿನ ಉಂಡೆ, ಅದು ಅತ್ತೆಯ ಪಾತ್ರ. ಬೇರೆಯವರ ಶಂಖದೊಳಗೆ ಹೊಕ್ಕು ಹಿಂದುಮುಂದು ನೋಡುತ್ತ ಓಡುವ ಏಡಿ, ಅದು ನಮ್ಮ ನಾಸೀರನೇ ಸೈ. ಅವನಿಗೆ ತೋರಿಸಿದೆ. "ಕಾಕಾ, ನಿಮ್ಮ ಪಾರ್ಟ್ ಎಲ್ಲೈತಿ?" ಎಂದ. ಆಮೇಲೆ ತಾನೇ ಹುಡುಕಿ ತೋರಿಸಿದ. ಮೈ ಪೂರಾ ಬಾಯಿಯೇ ಇರುವ ಒಂದು ಪ್ರಾಣಿ.

ಸಿಟ್ಟು ಇಳಿದರೆ ಬರೆ.

ನಿನ್ನ ಅಪ್ಪ,
ಮುನಾಫ


ಕಾರವಾರ
೨೧ ಆಗಸ್ಟ್ ೨೦೨೪

ಅಪ್ಪ,

ಸಿಟ್ಟು ಇಳಿದಿದೆ. ಸಭೆಯೂ ಮತ್ತೆ ಕೂಡಿತು. ಮೈ ಪೂರಾ ಬಾಯಿಯ ಪ್ರಾಣಿಯ ಚಿತ್ರವನ್ನು ಹುಡುಗಿಯರು ನಮ್ಮ ಕೋಣೆಯ ಬಾಗಿಲಿಗೆ ಅಂಟಿಸಿ, ಕೆಳಗೆ ನಿಮ್ಮ ಹೆಸರು ಬರೆದಿದ್ದಾರೆ.

ಸುದ್ದಿ ಇದೆ. ಓದಿದವರು ಒಪ್ಪಿದ್ದಾರೆ. ಸಣ್ಣಪುಟ್ಟ ತಿದ್ದುಪಡಿ ಮಾಡಿಕೊಟ್ಟರೆ ವರ್ಷ ಮುಗಿಯುವುದರೊಳಗೆ ಅಚ್ಚಾಗುತ್ತದೆ. ನಮ್ಮ ಗೈಡ್ ಸಂಜಯ ಸರ್ ಎಲ್ಲರಿಗೂ ಪೇಡೆ ಹಂಚಿದರು. ನಾನು ಈ ಹುಳದ ವಂಶದ ಪ್ರತಿಯೊಂದು ಪುಟವನ್ನೂ ನೋಡಿದ್ದೇನೆ, ಮೀಸೆ, ಕಿವಿರು, ರೋಮದ ತುದಿ ಎಲ್ಲವನ್ನೂ ಹೋಲಿಸಿದ್ದೇನೆ. ಇಂಥದ್ದು ಎಲ್ಲೂ ಇಲ್ಲ.

ಇದರ ಜೊತೆ ಒಂದು ಫೋಟೋ ಇಟ್ಟಿದ್ದೇನೆ. ಕೊಳವೆಯದು, ದೊಡ್ಡದು ಮಾಡಿಸಿದ್ದು. ಚೂರುಗಳನ್ನು ಹೇಗೆ ಜೋಡಿಸಿದೆ ನೋಡಿರಿ.

ಅಪ್ಪ, ಅವ್ವ ಕೊನೆಗೆ ಹೊಲಿಯುತ್ತಿದ್ದ ಅಂಗಿ ಏನಾಯಿತು? ಕೇಳಬೇಕೆಂದು ಬಹಳ ದಿನದಿಂದ ಇತ್ತು.

ಗುಲ್ನಾರ


ಕಾರವಾರ
೩ ಅಕ್ಟೋಬರ್ ೨೦೨೪

ಅಪ್ಪ,

ಫೋಟೋ ಮುಟ್ಟಿತೇ? ನಿಮ್ಮಿಂದ ಕಾಗದವೇ ಇಲ್ಲ. ನಾಸೀರಣ್ಣನಿಗೆ ಫೋನು ಮಾಡಿದೆ. "ಕಾಕಾ ಆರಾಮ ಅದಾರ. ಬರೇ ಮಾತಾಡವಲ್ರು" ಎಂದ. ನೀವು ಮಾತಾಡದಿದ್ದರೆ ಅದು ಆರಾಮ ಹೇಗಾಗುತ್ತದೆ?

ಇದಕ್ಕೂ ಹಿಂದೆ ಒಮ್ಮೆ ನೀವು ಮಾತಾಡಲಿಲ್ಲ. ಜನವರಿಯಲ್ಲಿ ನಾನು ಹಡಗಿನಿಂದ ಇಳಿದು ಮನೆಗೆ ಬಂದಾಗ. ಕಟ್ಟೆಯ ಮೇಲೆ ಕುಳಿತಿದ್ದಿರಿ. ನೀರು ತಂದುಕೊಟ್ಟಿರಿ. ಅಷ್ಟೇ. ನಾನು ಇದ್ದಷ್ಟು ದಿನವೂ ಅಷ್ಟೇ. ಆ ಮೌನ ನನಗೆ ಈಗಲೂ ಅರ್ಥವಾಗಿಲ್ಲ. ಇನ್ನೊಂದನ್ನು ತಡೆಯಲಾರೆ.

ಏನಾದರೂ ಬರೆಯಿರಿ. ಬೈದಾದರೂ ಬರೆಯಿರಿ.

ಗುಲ್ನಾರ


ಸವಣೂರು
೧೧ ಅಕ್ಟೋಬರ್ ೨೦೨೪

ಗುಲ್ನಾರ,

ಇದನ್ನು ಯಾರಿಗೂ ಓದಬೇಡ.

ಫೋಟೋ ಬಂತು. ಬಂದ ದಿನ ಅದನ್ನು ನಿಮ್ಮವ್ವನ ಪೆಟ್ಟಿಗೆಯ ಮೇಲೆ ಇಟ್ಟೆ. ನೀನು ಕೇಳಿದ ಅಂಗಿ ಆ ಪೆಟ್ಟಿಗೆಯಲ್ಲೇ ಇದೆ. ಒಂದು ತೋಳು ಮುಗಿದಿದೆ, ಇನ್ನೊಂದು ಅರ್ಧ. ಸೂಜಿ ಅದರಲ್ಲೇ ಚುಚ್ಚಿದೆ, ದಾರ ಪೋಣಿಸಿದ ಹಾಗೇ. ನಾನು ತೆಗೆದಿಲ್ಲ.

ನಿಮ್ಮವ್ವನ ಕೈ ನಿನಗೆ ನೆನಪಿದೆ. ಉಳಿದವರು ಮೇಲಿನಿಂದ ಕೆಳಕ್ಕೆ ಚಮಕಿ ಹಚ್ಚುತ್ತಿದ್ದರು. ಅವಳು ಕೆಳಗಿನಿಂದ ಮೇಲಕ್ಕೆ. ಮೇಲಿನ ಚಮಕಿ ಕೆಳಗಿನದರ ದಾರವನ್ನು ಮುಚ್ಚಬೇಕು, ಅಂಚು ಹೊರಗೆ ನಿಂತಿರಬೇಕು, ಮೈ ಅಲ್ಲಾಡಿದರೆ ಬೆಳಕು ಒಡೆದು ಚೆಲ್ಲಬೇಕು. ಕೊರಳಿನ ಹತ್ತಿರ ಬಂದಾಗ ಸಾಲನ್ನು ಒಂದು ಕಡೆಗೆ ಬಾಗಿಸುತ್ತಿದ್ದಳು. ಫೋಟೋದಲ್ಲಿ ನಿನ್ನ ಹುಳವೂ ಹಾಗೇ ಮಾಡಿದೆ. ಕೊಳವೆಯ ಬಾಯಿ ಒಂದು ಕಡೆಗೆ ಬಾಗಿದೆ, ಅಲ್ಲಿ ದೊಡ್ಡ ಚೂರುಗಳು. ನೋಡಿ ನೋಡಿ ನನಗೆ ಆ ಅಂಗಿ ಬಾಯಿಪಾಠವಾಯಿತು.

ಹತ್ತು ಹನ್ನೆರಡು ದಿನ ಬಿಟ್ಟು, ಮುಂಜಾನೆ ಚಹ ಕುಡಿಯುತ್ತ ಜಾಲತಾಣದಲ್ಲಿ ಚಿತ್ರ ಸರಿಸುತ್ತಿದ್ದೆ. ಎಲ್ಲಿ ಹೋಗಿದ್ದೆನೋ ಗೊತ್ತಿಲ್ಲ, ಯಾವುದೋ ಬೇರೆ ಬಳಗ. ಒಂದು ಹಳೆಯ ಚಿತ್ರ, ಮಸಿಯಲ್ಲಿ ಕೈಯಿಂದ ಬರೆದದ್ದು. ಹುಳ ಇಲ್ಲ, ಬರೀ ಖಾಲಿ ಕೊಳವೆ. ಚೂರುಗಳು ಕೆಳಗಿನಿಂದ ಮೇಲಕ್ಕೆ. ಅಂಚು ಹೊರಗೆ. ಬಾಯಿ ಒಂದು ಕಡೆಗೆ ಬಾಗಿದೆ, ಅಲ್ಲಿ ದೊಡ್ಡ ಚೂರುಗಳು.

ಫೋಟೋ ಪಕ್ಕದಲ್ಲಿಟ್ಟು ನೋಡಿದೆ. ಅಂಗಿ ತೆಗೆದು ಅದನ್ನೂ ಪಕ್ಕದಲ್ಲಿಟ್ಟೆ. ಆ ಪುಟದಲ್ಲಿ ಒಂದು ಹೆಸರಿದೆ, ಒಂದು ವರ್ಷವಿದೆ. ನನ್ನ ಅಜ್ಜನಿಗಿಂತ ಹಳೆಯ ವರ್ಷ.

ನಾನು ಫೋನನ್ನು ಪೆಟ್ಟಿಗೆಯೊಳಗೆ ಹಾಕಿ ಮುಚ್ಚಿದೆ. ಇಂದಿರಾಬಾಯಿಗೂ ತೋರಿಸಲಿಲ್ಲ. ನನಗೇನು ಗೊತ್ತು ಹುಳದ ವಿಷಯ ಎಂದುಕೊಂಡೆ. ಓದಿದವರು ಒಪ್ಪಿದ್ದಾರೆ, ಅಚ್ಚಾಗಲಿ ಎಂದುಕೊಂಡೆ. ಅಚ್ಚಾದರೆ ನಿಮ್ಮವ್ವನ ಹೆಸರು ಅಲ್ಲಿ ಇರುತ್ತದೆ, ದಿನಾ ಮುಂಜಾನೆ ಹುಡುಕಿದರೆ ಸಿಗುತ್ತದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮುಚ್ಚಿಕೊಂಡೆ. ಆದರೆ ಈ ಬಾಯಿಗೆ ಅರ್ಧ ಮುಚ್ಚುವುದು ಬರುವುದಿಲ್ಲ, ಪೂರಾ ಮುಚ್ಚಿತು.

ಕಳೆದ ವಾರ ರಟ್ಟೀಹಳ್ಳಿಗೆ ಪ್ರಚಾರಕ್ಕೆ ಹೋಗಿದ್ದೆ. ಮೈಕ್ ಹಿಡಿದರೆ ದನಿ ಹೊರಡಲಿಲ್ಲ. ನಾಸೀರನೇ ಏನೋ ಕೂಗಿದ. ಬೀದಿ ಬದಿಯ ಅಂಗಡಿಯಲ್ಲಿ ಹೊಲಿಗೆಯಂತ್ರದ ಮುಂದೆ ಮುದುಕಿ ರಹಿಮಾಬಿ ಕುಳಿತಿದ್ದಳು. ಅವಳನ್ನು ಕಂಡು ಒಂದು ಮಾತು ನೆನಪಾಯಿತು. ನೀನು ಆಗ ಹಾಲು ಕುಡಿಯುವ ಕೂಸು. ಹಿರೇಕೆರೂರಿನಲ್ಲಿ ನಾಟಕ ಮುಗಿದ ಮೇಲೆ ಕಂಪನಿಯ ಮಾಲಕರು ರಾಣಿಯ ಅಂಗಿ ಎತ್ತಿ ಹಿಡಿದು, "ಇದನ್ನು ಹೊಲಿದ ಸವಣೂರಿನ ದಾವಲಬಿಯವರಿಗೆ ಚಪ್ಪಾಳೆ" ಎಂದರು. ಸಾವಿರ ಜನ ತಟ್ಟಿದರು. ಹೆಂಗಸರ ಕಡೆಯಿಂದ ನಿಮ್ಮವ್ವ ನಿನ್ನನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತಳು. ಅವಳು ಸಭೆಯಲ್ಲಿ ಆಡಿದ್ದು ಆಯುಷ್ಯದಲ್ಲಿ ಅದೊಂದೇ ಮಾತು. "ಅದು ನಾ ಹೊಲದದ್ದಲ್ಲರಿ. ರಟ್ಟೀಹಳ್ಳಿ ರಹಿಮಾಬಿ ಹೊಲದದ್ದು." ಕುಳಿತುಬಿಟ್ಟಳು.

ಆ ಪುಟದ ವಿಳಾಸವನ್ನು ನಾಸೀರ ನಿನ್ನ ಫೋನಿಗೆ ಕಳಿಸುತ್ತಾನೆ. ನಾನು ತಪ್ಪು ನೋಡಿರಬಹುದು. ತಪ್ಪಾಗಿದ್ದರೆ ನಿಮ್ಮ ಹುಡುಗಿಯರೆಲ್ಲ ಕೂಡಿ ಈ ಮುದುಕನನ್ನು ನೋಡಿ ನಗಿರಿ.

ಅಪ್ಪ


ಕಾರವಾರ
೨೦ ನವೆಂಬರ್ ೨೦೨೪

ಅಪ್ಪ,

ಅದೇ.

ಕೂಡಲೇ ಬರೆಯಲಿಲ್ಲ, ಖಾತ್ರಿ ಮಾಡಿಕೊಳ್ಳಬೇಕಿತ್ತು. ಆ ಕೊಳವೆ ಈಗಲೂ ಪರದೇಶದ ಒಂದು ಸಂಗ್ರಹಾಲಯದಲ್ಲಿದೆ. ಯಾರೋ ಹಡಗಿನ ಡಾಕ್ಟರು ನಮ್ಮದೇ ಕಡಲ ದಂಡೆಯಲ್ಲಿ ಆರಿಸಿಕೊಂಡದ್ದು. ಒಳಗಿನ ಹುಳ ಅವರಿಗೆ ಸಿಕ್ಕಿರಲಿಲ್ಲ, ಬರೀ ಮನೆ ನೋಡಿ ಹೆಸರಿಟ್ಟು, ಬೇರೆ ವಂಶಕ್ಕೆ ಸೇರಿಸಿದ್ದರು. ಅಷ್ಟು ಹಳೆಯ ಕಾಲದಲ್ಲಾದರೆ ಹಾಗೆ ಇಟ್ಟ ಹೆಸರೂ ನಿಲ್ಲುತ್ತದೆ. ನಾನು ನಮ್ಮ ವಂಶದ ಪುಟಗಳನ್ನಷ್ಟೇ ನೋಡಿದೆ. ಓದಿ ಒಪ್ಪಿದವರೂ ಅಷ್ಟೇ. ಸಂಗ್ರಹಾಲಯದವರು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು. ತಳದಲ್ಲಿ ಒಣಗಿದ ಮೈಯ ಒಂದು ತುಂಡು ಸಿಕ್ಕಿತು. ರೋಮದ ತುದಿ ನಮ್ಮ ಹುಳದ್ದೇ.

ಸಂಜಯ ಸರ್ ಆ ಪುಟವನ್ನು ತಾವೇ ತೆರೆದು ನೋಡಿದರು. "ಖಾಲಿ ಕೊಳವೆಗಳ ಪುಟವನ್ನು ಯಾರೂ ತೆರೆಯುವುದಿಲ್ಲ ಗುಲ್ನಾರ" ಎಂದರು. ಆಮೇಲೆ, "ನಿಮ್ಮ ತಂದೆ ತೆರೆದಿದ್ದಾರಲ್ಲ" ಎಂದರು. ಅದೇ ದಿನ ಪತ್ರಿಕೆಯವರಿಗೆ ಬರೆದು ಹೆಸರು ವಾಪಸು ತೆಗೆದುಕೊಂಡೆ. ಬರಹ ಉಳಿಯುತ್ತದೆ. ಮನೆಯಷ್ಟೇ ಗೊತ್ತಿದ್ದ ಹುಳದ ಪೂರ್ತಿ ಮೈಯನ್ನು ಮೊದಲ ಬಾರಿ ಕಂಡವರು ನಾವು. ಆದರೆ ಹೆಸರು ಡಾಕ್ಟರರದೇ.

ನಾನು ಅತ್ತೆ. ಹುಳಕ್ಕಾಗಿ ಅಲ್ಲ. ಅವ್ವ ಹೋದ ಸುದ್ದಿ ವೈರ್‌ಲೆಸ್ಸಿನಲ್ಲಿ ಬಂದಾಗ ಹಡಗು ನಡುಗಡಲಲ್ಲಿತ್ತು, ತಿರುಗುವಂತಿರಲಿಲ್ಲ. ಆ ಹೊತ್ತಿಗೆ ನಾನು ಜರಡಿ ಹಿಡಿದು ಕೆಸರು ತೊಳೆಯುತ್ತಿದ್ದೆ. ಈ ಹುಳ ಸಿಕ್ಕದ್ದು ಆ ಕೆಸರಿನಲ್ಲಿ. ನಿಮಗೆ ಹೇಳಿರಲಿಲ್ಲ. ಅವ್ವನ ಗೋರಿಗೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು, ನಾನು ಹಾಕಲಿಲ್ಲ. ಈ ಹೆಸರು ನನ್ನ ಹಿಡಿ ಮಣ್ಣು ಎಂದುಕೊಂಡಿದ್ದೆ. ನೀವು ಅವತ್ತು ಮಾತಾಡದೆ ಕುಳಿತದ್ದು ಅದಕ್ಕೇ ಇರಬೇಕು ಎಂದುಕೊಂಡಿದ್ದೆ.

ಡಿಸೆಂಬರ್ ಎಂಟರಂದು ಊರಿಗೆ ಬರುತ್ತೇನೆ. ಶಿರಸಿ ಮೇಲೆ ಬರುವ ಬಸ್ಸು, ಮಧ್ಯಾಹ್ನಕ್ಕೆ ಹಾನಗಲ್ಲ ಮುಟ್ಟುತ್ತದೆ. ಅಂಗಿಯ ಸೂಜಿ ತೆಗೆಯಬೇಡಿರಿ.

ಗುಲ್ನಾರ


ಸವಣೂರು
೭ ಡಿಸೆಂಬರ್ ೨೦೨೪

ಕೂಡಿದ ಸಭೆಗೆ ಶರಣು! ಮುಂದಿನ ಹಿರಿಯರೇ, ಹಗ್ಗದಾಚೆಯ ತಾಯಂದಿರೇ, ಗೋಡೆಯ ಮೇಲಿನ ಪುಂಡರೇ! ಕೊನೆಯ ಅಂಕ. ಯಾರೂ ಏಳಬೇಡಿರಿ.

ಗುಲ್ನಾರ, ಇದನ್ನು ಅಂಚೆಗೆ ಹಾಕಿದರೆ ನೀನು ಮನೆಗೆ ಬಂದ ಮೇಲೆ ಕಾರವಾರ ಮುಟ್ಟುತ್ತದೆ. ಅದಕ್ಕೇ ನಾಸೀರ ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸುತ್ತಾನೆ. ಅಂಚೆಯ ಕಾಗದ ಫೋನಿನಲ್ಲಿ! ನಿಮ್ಮವ್ವ ಇದ್ದಿದ್ದರೆ, ಕೊನೆಗೂ ನನ್ನ ಹಾದಿಗೆ ಬಂದಿರಿ ನೋಡ್ರಿ ಅನ್ನುತ್ತಿದ್ದಳು.

ಮೊದಲು ಆ ಕಟ್ಟೆಯ ಮಾತು. ನಾನು ಬಾಯಿ ತೆರೆದರೆ ಬರುವುದು ನಾಟಕದ ಮಾತು, ನಿನಗೆ ಗೊತ್ತು. ಹುಟ್ಟಿನಿಂದ ಬೇರೆ ಮಾತೇ ಕಲಿಯಲಿಲ್ಲ. ವೇದಿಕೆಯ ಮೇಲೆ ಎಷ್ಟು ಹೆಂಡಿರು ಸತ್ತಿಲ್ಲ, ಎಷ್ಟು ಮಕ್ಕಳನ್ನು ತಬ್ಬಿ ನಾನು ಅತ್ತಿಲ್ಲ! ಅವತ್ತು ನೀನು ಚೀಲ ಹೊತ್ತು, ಮೈಯಲ್ಲಿ ಇನ್ನೂ ಕಡಲ ವಾಸನೆ ಇಟ್ಟುಕೊಂಡು ಬಾಗಿಲಲ್ಲಿ ನಿಂತಾಗ, ಆ ಮಾತುಗಳೆಲ್ಲ ಗಂಟಲಿಗೆ ಬಂದವು. ಒಂದನ್ನೂ ನಿನಗೆ ಕೊಡಲು ಮನಸ್ಸಾಗಲಿಲ್ಲ. ಅವು ಎಲ್ಲರಿಗೂ ಹೇಳಿ ಹಳೆಯವಾದ ಮಾತು. ನಿನಗೆಂದು ಹೊಸದು ಹುಡುಕಿದೆ, ಸಿಗಲಿಲ್ಲ, ನೀರು ಕೊಟ್ಟೆ. ಅಷ್ಟೇ ಮಗಳೇ. ನೀನು ಮಣ್ಣು ಹಾಕಲಿಲ್ಲ ಎಂಬುದು ನೀನು ಬರೆದ ಮೇಲೇ ನನ್ನ ತಲೆಗೆ ಹೊಳೆದದ್ದು.

ಇಂದಿರಾಬಾಯಿಗೆ ಎಲ್ಲ ಹೇಳಿದೆ. "ಈಗ ಊರಿಗೆ ಏನು ಹೇಳ್ತೀರಿ? ಸುಮ್ಮನಿದ್ದುಬಿಡ್ರಿ, ಯಾರು ಕೇಳ್ತಾರ?" ಎಂದರು. ನಾಗವ್ವನೂ ಅಲ್ಲೇ ಇದ್ದಳು. "ಹೇಳಬ್ಯಾಡೋ ಮಾರಾಯಾ. ನಾ ಅಂತೂ ದಾವಲಬಿ ಹುಳ ಅಂತನ ಅನ್ನಾಕಿ, ಆ ಡಾಕ್ಟರ ಬಂದು ನನ್ನ ಬಾಯಿ ಹಿಡಿತಾನೇನು?" ಎಂದಳು. ಅವಳ ಬಾಯಿ ಅವಳದು. ನನ್ನದು ನಾಲ್ಕು ತಾಲೂಕಿಗೆ ಕೂಗಿದ ಬಾಯಿ.

ಡಾಕ್ಟರರು ಇಟ್ಟ ಹೆಸರನ್ನು ಟೀಚರು ನನಗೆ ಕಲಿಸುತ್ತಿದ್ದಾರೆ. ಎಂಥ ಹೆಸರು! ಬಾಯಿಗೆ ಕಲ್ಲು ಹಾಕಿಕೊಂಡು ಅಡಿಕೆ ಕಡಿದಂತೆ. ಎರಡು ಸಲ ನಾಲಿಗೆ ಕಚ್ಚಿಕೊಂಡೆ. ಆದರೂ ಕಲಿತೆ. ಅಂಗಿ ಯಾರದೋ ಅವರ ಹೆಸರನ್ನು ಸಭೆಯಲ್ಲಿ ಸರಿಯಾಗಿ ಹೇಳಬೇಕು.

ಅಂಗಿಯನ್ನು ಬಟ್ಟೆಯಲ್ಲಿ ಸುತ್ತಿ ರಿಕ್ಷಾದಲ್ಲಿ ಇಟ್ಟಿದ್ದೇನೆ, ಸೂಜಿ ಇದ್ದ ಹಾಗೇ. ಹಾನಗಲ್ಲಿನಿಂದ ಮುಂದೆ ನಾನು ಕೂಗಿ ಬಂದ ಹಿರೇಕೆರೂರಿನ ಹಾದಿ ನಮ್ಮಿಬ್ಬರದು. ನಿನಗೆ ಕೆಳಗಿನಿಂದ ಮೇಲಕ್ಕೆ ಹಚ್ಚಲು ಬರುತ್ತದೆ. ಆ ಅರ್ಧ ತೋಳು ನಿನ್ನದು.

ಇನ್ನು ಕೇಳು. ನಾಳೆ ಮುಂಜಾನೆ ಚಹ ಕುಡಿದು, ಜಾಲತಾಣ ತೆರೆಯದೆ, ರಿಕ್ಷಾ ಹತ್ತುತ್ತೇನೆ. ಸವಣೂರಿನ ಬಜಾರದಲ್ಲಿ ನಾಗವ್ವನ ಮುಂದೆಯೇ ಮೈಕ್ ಹಿಡಿದು, ನಿಮ್ಮವ್ವ ನಿಂತ ಹಾಗೆ ನಿಂತು, ಅವಳು ಅಂದ ಹಾಗೆ ಅನ್ನುತ್ತೇನೆ: "ಅದು ದಾವಲಬಿ ಹೊಲದದ್ದಲ್ಲರಿ." ಶಿಗ್ಗಾಂವಿಯಲ್ಲಿ ಆ ಜಂಪರಿನ ಹೆಂಗಸು ಇದ್ದ ಓಣಿಯಲ್ಲಿ ಅನ್ನುತ್ತೇನೆ. ದುಂಡಸಿಯಲ್ಲಿ ಇನ್ನೊಮ್ಮೆ ಹೇಳು ಎಂದರೆ ಇನ್ನೊಮ್ಮೆ ಅನ್ನುತ್ತೇನೆ. ಹಾನಗಲ್ಲಿನಲ್ಲಿ ಮುಸ್ತಾಕನ ಮನೆಯ ಮುಂದೆ ಇಳಿದು, ಮೈಕ್ ಇಲ್ಲದೆ ಅನ್ನುತ್ತೇನೆ. ಆಮೇಲೆ ಬಸ್‌ಸ್ಟ್ಯಾಂಡಿಗೆ ಬಂದು, ಎರಡೂ ಕಹಳೆಗಳ ತಂತಿ ಬಿಚ್ಚಿಟ್ಟು, ಶಿರಸಿಯ ಬಸ್ಸು ನಿಲ್ಲುವಲ್ಲಿ ನಿನಗೆ ಒಂದು ಚೊಂಬು ನೀರು ಹಿಡಿದು ನಿಂತಿರುತ್ತೇನೆ.

ನಿನ್ನ ಅಪ್ಪ,
ಮುನಾಫ